ಮೂಕಿಯ ಮೇಲೆ ಎಷ್ಟು ಭಾರ

ಮೊನ್ನೆ ಹ್ಯೂಸ್ಟನ್ನಿನ ನಮ್ಮ ಮನೆಗೆ ಪಕ್ಕದ ಬೀದಿಯ ಸಹನಾ ಬಂದಿದ್ದಳು. ಆಸ್ಟಿನ್‌ನಲ್ಲಿ ಎಂ.ಎಸ್. ಮುಗಿಸಿದ್ದಾಳೆ. ಮುಂದಿನ ತಿಂಗಳು ಟ್ರೈಲರ್ ತಯಾರಿಸುವ ಕಂಪನಿಯೊಂದಕ್ಕೆ ಟೆಸ್ಟಿಂಗ್ ಎಂಜಿನಿಯರ್ ಆಗಿ ಸೇರುವವಳು. ‘ಅಂಕಲ್, ನೀವೂ ಇದೇ ಕೆಲಸ ಮಾಡ್ತಿದ್ರಂತೆ. ಒಂದು ಹೆವಿ ಡ್ಯೂಟಿ ಪಿಕಪ್ ಎಷ್ಟು ಎಳೆಯುತ್ತೆ ಅಂತ ಆಗೆಲ್ಲ ಹೇಗೆ ಡಿಸೈಡ್ ಮಾಡ್ತಿದ್ರಿ?’ ಅಂದಳು.

ನನಗೆ ಮೈ ಉರಿಯಿತು. ಮಗುವಿನ ತಪ್ಪಲ್ಲ, ಎಲ್ಲರೂ ಕೇಳುವುದು ಇದನ್ನೇ. ‘ಎಳೆಯೋದು ಬಿಡಮ್ಮ, ಕತ್ತೆನೂ ಎಳೆಯುತ್ತೆ. ಎಳೆದದ್ದನ್ನ ನಿಲ್ಲಿಸೋದು ಹೇಗೆ ಅಂತ ಕೇಳು’ ಅಂದೆ. ಅಲ್ಲಿಂದ ಶುರುವಾದ ಮಾತು ಎರಡು ಗಂಟೆ ನಡೆಯಿತು, ಕಾಫಿ ಎರಡು ಸಲ ಆರಿತು. ಹೋಗುವಾಗ ‘ಇದನ್ನೆಲ್ಲ ಬರೆದಿಡಿ ಅಂಕಲ್’ ಅಂದಳು. ಬರೆಯುತ್ತಿದ್ದೇನೆ. ನನಗೆ ಸಿಕ್ಕ ಬಡ್ತಿ, ಗೋಡೆಗೆ ನೇತುಹಾಕಿದ ಫಲಕ ಇವುಗಳ ಸುದ್ದಿ ಇದರಲ್ಲಿಲ್ಲ. ನನ್ನ ಹೆಂಡತಿ ಜಲಜ ಒಂದು ದಿನ ನನ್ನ ಟ್ರಕ್ಕು ಹತ್ತುವುದಿಲ್ಲ ಎಂದು ರಸ್ತೆ ಬದಿಯಲ್ಲಿ ನಿಂತುಬಿಟ್ಟಳು. ನಾನು ಹೇಳಬೇಕಾದ್ದು ಅದನ್ನು. ಅದು ಅರ್ಥವಾಗಬೇಕಾದರೆ ಅದರ ಹಿಂದಿನ ಎಂಟು ವರ್ಷದ ಕೆಲಸವನ್ನೂ ಸ್ವಲ್ಪ ಹೇಳಬೇಕು.

ಅರವತ್ತರ ದಶಕ ಮುಗಿಯುವ ಹೊತ್ತಿಗೆ ನಾನು ಹ್ಯೂಸ್ಟನ್‌ನ ಒಂದು ಸಣ್ಣ ಕಂಪನಿಗೆ ಸೇರಿದೆ. ಪಿಕಪ್ ಟ್ರಕ್ಕಿನ ಹಿಂಭಾಗಕ್ಕೆ ಟ್ರೈಲರ್ ಸಿಕ್ಕಿಸುವ ಕೊಂಡಿ, ಅದಕ್ಕೆ ಹೊಂದುವ ಟ್ರೈಲರ್, ಇವೆರಡನ್ನು ಮಾಡುತ್ತಿದ್ದರು. ತಗಡಿನ ಶೆಡ್ಡು, ಒಳಗೆ ವೆಲ್ಡಿಂಗಿನ ಹೊಗೆ, ಹೊರಗೆ ಬೆಂಕಿಯಂಥ ಬಿಸಿಲು. ನಾನೋ ತಿಪಟೂರಿನವನು. ಲಾರಿಯೆಂದರೆ ಕೊಬ್ಬರಿ ಲಾರಿ, ಅದನ್ನು ತುಂಬುವ ಲೆಕ್ಕ ಎಂದರೆ ಹಗ್ಗ ಕಟ್ಟಲು ಬರುವಷ್ಟು. ಇಲ್ಲಿ ಒಬ್ಬೊಬ್ಬ ರೈತನ ಮನೆಯ ಮುಂದೆಯೂ ಒಂದು ಪಿಕಪ್, ಅದರ ಹಿಂದೆ ಒಂದು ಮನೆಯಷ್ಟು ಸಾಮಾನು. ದನದ ಹಿಂಡು, ಹುಲ್ಲಿನ ಪಿಂಡಿ, ಎಣ್ಣೆ ಬಾವಿಯ ಕೊಳವೆ, ದೋಣಿ, ಒಂದು ಸಲ ಮರದ ಇಡೀ ಚರ್ಚು! ಪಾದ್ರಿ ಹಿಂದಿನ ಕಾರಿನಲ್ಲಿ ಬರುತ್ತಿದ್ದರು. ನಾನು ರಸ್ತೆ ಬದಿಯಲ್ಲಿ ನಿಂತು ಬಾಯಿ ಬಿಟ್ಟುಕೊಂಡು ನೋಡಿದೆ.

ನನ್ನ ಮೇಲಧಿಕಾರಿಯ ಹೆಸರು ಟಾಲಿ. ಅರವತ್ತು ದಾಟಿದ ಟೆಕ್ಸಸ್ಸಿನ ಮುದುಕ. ಶಾಲೆ ಎಂಟನೇ ಕ್ಲಾಸಿಗೆ ನಿಂತಿತ್ತು. ಆಮೇಲೆ ಇಪ್ಪತ್ತು ವರ್ಷ ಎಣ್ಣೆ ಬಾವಿಗಳಿಗೆ ಕೊಳವೆ ಸಾಗಿಸಿದ್ದ. ಮೊದಲ ದಿನವೇ ನನ್ನನ್ನು ಪರೀಕ್ಷೆ ಮಾಡಿದ. ಅಂಗಳದಲ್ಲಿದ್ದ ಟ್ರಕ್ಕು ತೋರಿಸಿ, ‘ಇದು ಮುಕ್ಕಾಲು ಟನ್ನಿನ ಪಿಕಪ್. ಎಷ್ಟು ಹೊರಬಹುದು?’ ಅಂತ ಕೇಳಿದ.

ನಾನು ಲೆಕ್ಕ ಹಾಕುವ ಸ್ಲೈಡ್ ರೂಲನ್ನೂ ತೆಗೆಯದೆ ‘ಸಾವಿರದ ಐನೂರು ಪೌಂಡ್’ ಅಂದೆ. ಅಮೆರಿಕದ ಟನ್ನಿಗೆ ಎರಡು ಸಾವಿರ ಪೌಂಡ್, ಮುಕ್ಕಾಲು ಟನ್ ಎಂದರೆ ಅಷ್ಟೇ ತಾನೆ?

ಟಾಲಿ ಹೊಟ್ಟೆ ಹಿಡಿದುಕೊಂಡು ನಕ್ಕ. ವೆಲ್ಡರುಗಳನ್ನು ಕರೆದು ಅವರಿಗೂ ಹೇಳಿ ಇನ್ನೊಂದು ಸಲ ನಕ್ಕ. ಆ ‘ಮುಕ್ಕಾಲು ಟನ್’ ಎನ್ನುವುದು ಅಜ್ಜನ ಕಾಲದಿಂದ ಬಂದ ಬರೀ ಹೆಸರಂತೆ, ತೂಕಕ್ಕೂ ಅದಕ್ಕೂ ಸಂಬಂಧ ಉಳಿದಿಲ್ಲವಂತೆ. ಪಾಠ ಶುರುವಾದದ್ದು ಆಮೇಲೆ. ಟ್ರಕ್ಕಿನ ಸ್ವಂತ ತೂಕ, ಡೀಸೆಲ್ಲೋ ಪೆಟ್ರೋಲೋ ಅದರ ತೂಕ, ಕೂರುವವರ ತೂಕ, ಹಿಂದಿನ ಸಾಮಾನು, ಟ್ರೈಲರ್ ಕೊಂಡಿಯ ಮೇಲೆ ಒತ್ತುವ ಭಾರ. ಇಷ್ಟೂ ಸೇರಿ ಟ್ರಕ್ಕು ಹೊರಬಹುದಾದ ಒಟ್ಟು ಭಾರವನ್ನು ದಾಟಬಾರದು. ಅದರ ಜೊತೆಗೆ ಹಿಂದಿನ ಅಚ್ಚಿಗೆ ಒಂದು ಮಿತಿ, ಟೈರಿಗೆ ಒಂದು, ಕೊಂಡಿಗೆ ಒಂದು, ಟ್ರಕ್ಕು ಟ್ರೈಲರು ಎರಡೂ ಸೇರಿದ ತೂಕಕ್ಕೆ ಇನ್ನೊಂದು. ‘ಇವುಗಳಲ್ಲಿ ಯಾವುದು ಎಲ್ಲಕ್ಕಿಂತ ಚಿಕ್ಕದೋ ಅದೇ ನಿನ್ನ ಯಜಮಾನ. ಉಳಿದ ದೊಡ್ಡ ಸಂಖ್ಯೆಗಳನ್ನೆಲ್ಲ ಮಾರುವವರು ಹೇಳಿಕೊಳ್ಳಲಿ’ ಅಂದ ಟಾಲಿ. ಸಹನಾ, ಇದೊಂದನ್ನು ಗೋಡೆಯ ಮೇಲೆ ಬರೆದಿಟ್ಟುಕೋ.

ಕೊಂಡಿಯ ಮೇಲಿನ ಭಾರ ಎಂದೆನಲ್ಲ, ನನಗೆ ಅದು ತಕ್ಷಣ ಹಿಡಿಸಿತು. ನಮ್ಮೂರ ಎತ್ತಿನ ಗಾಡಿಗೆ ಮೂಕಿ ಇರುತ್ತದೆ, ಗಾಡಿಯಿಂದ ಮುಂದಕ್ಕೆ ನೊಗದವರೆಗೆ ಚಾಚಿದ ಉದ್ದನೆಯ ಮರ. ಗಾಡಿ ತುಂಬುವಾಗ ಭಾರ ತೀರ ಮುಂದಾದರೆ ಎತ್ತಿನ ಕೊರಳು ಸೋಲುತ್ತದೆ. ಹಿಂದಾದರೆ ಮೂಕಿ ಮೇಲಕ್ಕೆದ್ದು ನೊಗವೇ ಹಾರುತ್ತದೆ. ಟ್ರೈಲರಿಗೂ ಒಂದು ಮೂಕಿ ಇದೆ, ಕಬ್ಬಿಣದ್ದು. ಟ್ರೈಲರಿನ ಒಟ್ಟು ತೂಕದ ನೂರರಲ್ಲಿ ಹತ್ತರಿಂದ ಹದಿನೈದು ಪಾಲು ಆ ಮೂಕಿಯ ಮೇಲೆ ಕೂತಿರಬೇಕು. ಹೆಚ್ಚಾದರೆ ಟ್ರಕ್ಕಿನ ಹಿಂಭಾಗ ಕುಸಿದು ಮುಂದಿನ ಚಕ್ರ ಹಗುರಾಗುತ್ತದೆ. ಕಡಿಮೆಯಾದರೆ ಟ್ರೈಲರು ಬಾಲ ಆಡಿಸುತ್ತದೆ. ಬಾಲ ನಾಯಿಯನ್ನು ಆಡಿಸುವ ಹಂತಕ್ಕೆ ಬಂದಮೇಲೆ ದೇವರೇ ಗತಿ.

ಟಾಲಿ ಒಂದು ಕೆಲಸ ಮಾಡುತ್ತಿದ್ದ, ಈಗಲೂ ನೆನೆಸಿಕೊಂಡರೆ ರೋಮ ನಿಮಿರುತ್ತದೆ. ಟ್ರೈಲರಿನ ಮೂಕಿಯ ತುದಿಗೆ ಎರಡೂ ಕೈ ಹಾಕಿ ಒಂದಂಗುಲ ಎತ್ತುವನು. ಕಣ್ಣು ಮುಚ್ಚಿ ನಿಲ್ಲುವನು. ಆಮೇಲೆ ‘ಇನ್ನೂರ ಎಪ್ಪತ್ತು’ ಎನ್ನುವನು. ನಾನು ಹಿಂದೆ ಹೋಗಿ ತೂಗುವೆನು: ಇನ್ನೂರ ಅರವತ್ತೈದು. ಕೈಗೆ ಎತ್ತಲಾಗದ್ದನ್ನು ಬೂಟುಗಾಲಿನಲ್ಲಿ ಅದುಮಿ, ಟ್ರಕ್ಕಿನ ಸ್ಪ್ರಿಂಗ್ ಎಷ್ಟು ಬಾಗಿತೆಂದು ನೋಡಿ ಹೇಳುವನು. ಅಬ್ಬಾ! ಐದು ವರ್ಷ ಎಂಜಿನಿಯರಿಂಗ್, ಮೇಲೆ ಎಂ.ಎಸ್. ಓದಿದವನು ಅವನ ಮುಂದೆ ಚಡ್ಡಿ ಹಾಕಿಕೊಂಡ ಹುಡುಗನಂತೆ ನಿಲ್ಲುತ್ತಿದ್ದೆ.

ನಾನು ತೂಗುತ್ತಿದ್ದದ್ದು ಯಾವುದರಲ್ಲಿ ಗೊತ್ತೇ? ಬಾತ್‌ರೂಮಿನಲ್ಲಿ ಮನುಷ್ಯರು ಹತ್ತಿ ನಿಲ್ಲುವ ತಕ್ಕಡಿಯಲ್ಲಿ! ಒಂದು ಗಟ್ಟಿ ಹಲಗೆಯ ಒಂದು ತುದಿಗೆ ಇಟ್ಟಿಗೆ, ಇನ್ನೊಂದು ತುದಿಗೆ ಆ ತಕ್ಕಡಿ. ಇಟ್ಟಿಗೆಯ ಕಡೆಯಿಂದ ಮೂರರಲ್ಲಿ ಒಂದು ಭಾಗದಷ್ಟು ದೂರಕ್ಕೆ ಮೂಕಿಯನ್ನು ಇಳಿಸುವುದು. ತಕ್ಕಡಿ ತೋರಿಸಿದ್ದನ್ನು ಮೂರರಿಂದ ಗುಣಿಸಿದರೆ ಮೂಕಿಯ ಭಾರ. ಜಲಜ ಮನೆಗೆಂದು ತಂದ ತಕ್ಕಡಿ ಹೀಗೆ ಕಂಪನಿಗೆ ಹೋಗಿ ವಾಪಸ್ಸೇ ಬರಲಿಲ್ಲ. ‘ನನ್ನ ತೂಕ ನೋಡ್ಕೋಬೇಕು ಅಂದ್ರೆ ನಿಮ್ಮ ಶೆಡ್ಡಿಗೆ ಬರ್ಬೇಕೇನ್ರೀ?’ ಅಂತ ಮೂದಲಿಸುತ್ತಿದ್ದಳು. ಮುಂದೆ ತಂತಿ ಅಂಟಿಸಿ ಕಬ್ಬಿಣದ ಬಾಗುವಿಕೆಯನ್ನೇ ಅಳೆಯುವ ಉಪಕರಣ ಬಂತು, ಕ್ಯಾಲ್ಕುಲೇಟರ್ ಬಂತು, ಟ್ರಕ್ಕಿನ ಬಾಗಿಲ ಚೌಕಟ್ಟಿಗೆ ತೂಕದ ಮಿತಿ ಬರೆದ ಚೀಟಿ ಅಂಟಿಸಲೇಬೇಕು ಎಂದು ಸರ್ಕಾರವೂ ಹೇಳಿತು. ಚೀಟಿ ಬಂದಿತೆಂದು ಓದುವವರು ಬಂದರೇ? ಇಲ್ಲ. ಬಾಗಿಲು ತೆಗೆದಾಗಲೆಲ್ಲ ಕಣ್ಣಿಗೆ ಬೀಳುವ ಚೀಟಿಯನ್ನು ಹತ್ತು ವರ್ಷ ಓದದೆ ಓಡಾಡಿದವರನ್ನು ನೋಡಿದ್ದೇನೆ.

ಟಾಲಿಯ ಇನ್ನೊಂದು ಪದ್ಧತಿ. ದನದ ಸಂತೆಯಲ್ಲಿ ದೊಡ್ಡ ತೂಕದ ಕಟ್ಟೆ ಇರುತ್ತಿತ್ತು, ಇಡೀ ಟ್ರಕ್ಕನ್ನೇ ನಿಲ್ಲಿಸಿ ತೂಗುವಂಥದ್ದು. ಗಿರಾಕಿಗಳನ್ನು ಅಲ್ಲಿಗೆ ಕರೆದೊಯ್ಯುತ್ತಿದ್ದೆವು. ರೈತರು ಅಭ್ಯಾಸಬಲದಿಂದ ಟ್ರಕ್ಕು ಕಟ್ಟೆಗೆ ಹತ್ತಿಸಿ ಕೆಳಗಿಳಿದು ನಿಲ್ಲುವರು. ದನ ಮಾರುವಾಗ ತಮ್ಮ ತೂಕ ಸೇರಬಾರದಲ್ಲ, ಅದಕ್ಕೆ. ಟಾಲಿ ಗದರುವನು: ‘ಹತ್ತು ಮೇಲೆ! ರಸ್ತೇಲಿ ಹೋಗುವಾಗ ನೀನು ಹೊರಗೆ ಓಡಿಕೊಂಡು ಬರ್ತೀಯೇನು? ಹೆಂಡತಿ ಎಲ್ಲಿ? ಮಕ್ಕಳೆಲ್ಲಿ? ನಾಯಿ ಹತ್ತಿಸು!’ ಒಂದು ಮನೆಯವರು ಐದು ಮಕ್ಕಳು, ಎರಡು ನಾಯಿ, ಒಬ್ಬ ಅಜ್ಜಿಯ ಸಮೇತ ಕಟ್ಟೆಯ ಮೇಲೆ ಕೂತದ್ದು ನನಗೆ ಕಣ್ಣಿಗೆ ಕಟ್ಟಿದಂತಿದೆ. ಅಜ್ಜಿ ಫೋಟೋಗೆ ಕೂತಂತೆ ನೆಟ್ಟಗೆ ಕೂತಿದ್ದರು.

ಲೀರಾಯ್ ಎಂಬ ರೈತನ ಕೇಸು ಮಾತ್ರ ಬಿಡದೆ ಹೇಳಬೇಕು. ಹ್ಯೂಸ್ಟನ್ನಿನ ಪಶ್ಚಿಮಕ್ಕೆ ಆಗ ಬರೀ ಭತ್ತದ ಗದ್ದೆ. ಇವತ್ತು ಎನರ್ಜಿ ಕಾರಿಡಾರ್ ಅಂತ ಗಾಜಿನ ಕಟ್ಟಡ ಎದ್ದಿರುವ ಕಡೆಯಿಂದ ಇನ್ನೂ ಆಚೆ ಅವನ ಜಮೀನು. ನಮ್ಮ ಟ್ರೈಲರಿನ ಮೇಲೆ ನೀರಿನ ಟ್ಯಾಂಕು ಕೂರಿಸಿಕೊಂಡು ದನಗಳಿಗೆ ನೀರು ಒಯ್ಯುತ್ತಿದ್ದ. ಒಂದು ದಿನ ಕೆಂಡದಂಥ ಮುಖ ಹೊತ್ತು ಬಂದ. ‘ಭಾರ ಆಯ್ತು ಅಂತ ಅರ್ಧ ನೀರು ಚೆಲ್ಲಿದೆ. ತೂಕ ಅರ್ಧ ಆದಮೇಲೆ ನಿಮ್ಮ ದರಿದ್ರ ಟ್ರೈಲರು ಇನ್ನೂ ಜಾಸ್ತಿ ಒದ್ದಾಡ್ತಿದೆ!’

ನಾನು ಅವನ ಜೊತೆ ಹೋಗಿ ಕೂತು ನೋಡಿದೆ. ಅರ್ಧ ತುಂಬಿದ ಟ್ಯಾಂಕಿನಲ್ಲಿ ನೀರು ಹಿಂದಕ್ಕೂ ಮುಂದಕ್ಕೂ ಧಾವಿಸುತ್ತಿತ್ತು. ಏರಿನಲ್ಲಿ ಹಿಂದಕ್ಕೆ ಓಡಿದಾಗ ಮೂಕಿ ಮೇಲಕ್ಕೇಳುವುದು, ಬ್ರೇಕು ಒತ್ತಿದರೆ ಮುಂದಕ್ಕೆ ಬಂದು ಟ್ರಕ್ಕಿಗೆ ಗುದ್ದುವುದು. ತುಂಬಿದ ಟ್ಯಾಂಕು ಭಾರವಾಗಿದ್ದರೂ ಮಿತಿಯೊಳಗಿತ್ತು, ಸುಮ್ಮನೆ ಕೂತಿತ್ತು. ತೂಕ ಇಳಿಸಿದರೆ ಅಪಾಯ ಹೆಚ್ಚಬಹುದು ಎಂಬುದನ್ನು ನಾನು ಕಣ್ಣಾರೆ ಕಂಡದ್ದು ಅಂದೇ. ಎಷ್ಟು ಸರಳ, ಎಷ್ಟು ಭಯಂಕರ ಅನ್ನಿಸಿತು. ‘ಒಂದೋ ಪೂರ್ತಿ ತುಂಬು, ಇಲ್ಲಾ ಪೂರ್ತಿ ಖಾಲಿ ಮಾಡು. ಅರ್ಧ ನೀರಲ್ಲಿ ರಸ್ತೆಗೆ ಇಳಿಯಬೇಡ’ ಅಂದೆ. ನನಗಿಂತ ಎರಡು ಪಟ್ಟು ದಪ್ಪದ ಆಸಾಮಿ. ಟೋಪಿ ತೆಗೆದು ನೆಲಕ್ಕೆ ಒಗೆದ, ಬಾಯಿಗೆ ಬಂದಂತೆ ಬೈದ. ನಾನು ಆಗುವುದಿಲ್ಲ ಅಂದರೆ ಆಗುವುದಿಲ್ಲ ಎಂದೆ, ಟ್ರಕ್ಕಿನಿಂದ ಕೀಲಿ ತೆಗೆದು ಜೇಬಿಗೆ ಹಾಕಿಕೊಂಡವನು ವಾಪಸ್ಸೇ ಕೊಡಲಿಲ್ಲ. ಟಾಲಿಗೆ ಸುದ್ದಿ ಮುಟ್ಟಿತು. ಅವತ್ತಿನಿಂದ ನಾನು ಸಹಿ ಹಾಕಿದ ಸಂಖ್ಯೆಯನ್ನು ಅವನು ಎರಡನೇ ಸಲ ನೋಡುವುದನ್ನು ಬಿಟ್ಟ. ನನಗೆ ಕೊಂಬು ಬಂದದ್ದೂ ಅವತ್ತಿನಿಂದಲೇ.

ಈಗ ಜಲಜಳ ವಿಷಯಕ್ಕೆ ಬರುತ್ತೇನೆ.

ಎಪ್ಪತ್ತರ ದಶಕದ ನಡು ದಾಟಿದ ಒಂದು ವರ್ಷ. ಹ್ಯೂಸ್ಟನ್, ಆಸ್ಟಿನ್, ಡಲ್ಲಾಸ್ ಮೂರೂ ಊರಿನ ಕನ್ನಡದವರನ್ನು ಒಂದು ಮದುವೆ ಛತ್ರದ ಒಂದೇ ಪಂಕ್ತಿಯಲ್ಲಿ ಕೂರಿಸಿ ಊಟ ಹಾಕಬಹುದಿತ್ತು. ಅವರೆಲ್ಲ ಸೇರಿ ಊರಿನಿಂದ ಕಲ್ಲಿನ ಗಣಪತಿಯ ವಿಗ್ರಹ ತರಿಸಿದರು. ದೇವಸ್ಥಾನ ಇನ್ನೂ ಕನಸು, ಸದ್ಯಕ್ಕೆ ಡಲ್ಲಾಸ್‌ನಲ್ಲಿ ಒಬ್ಬರ ಮನೆಯ ಗರಾಜಿನಲ್ಲಿ ಕೂರಿಸುವುದೆಂದು ತೀರ್ಮಾನ. ವಿಗ್ರಹ ಹಡಗಿನಲ್ಲಿ ಹ್ಯೂಸ್ಟನ್ ಬಂದರಿಗೆ ಬಂತು. ಮರದ ಪೆಟ್ಟಿಗೆ ಸೇರಿ ಸಾವಿರದ ಎಂಟುನೂರು ಪೌಂಡ್. ಸಾಗಿಸುವ ಜವಾಬ್ದಾರಿ ಯಾರದು? ನನ್ನದೇ, ಇನ್ಯಾರದು! ಟಾಲಿ ಕಂಪನಿಯ ಮುಕ್ಕಾಲು ಟನ್ನಿನ ಪಿಕಪ್ಪನ್ನೂ ಎರಡು ಅಚ್ಚಿನ ಮುಚ್ಚಿದ ಟ್ರೈಲರನ್ನೂ ಕೊಟ್ಟ.

ಈ ಕೆಲಸಕ್ಕೆಲ್ಲ ಮುಂದಾಳು ಡಾಕ್ಟರ್ ಶ್ರೀಪಾದ ರಾಯರು. ಧಾರವಾಡದವರು, ಹ್ಯೂಸ್ಟನ್ನಿನಲ್ಲಿ ಮೂಳೆ ವೈದ್ಯರು. ನಾನು ಈ ದೇಶಕ್ಕೆ ಬಂದಿಳಿದಾಗ ಮೊದಲ ತಿಂಗಳು ಅನ್ನ ಹಾಕಿದ್ದು ಅವರ ಮನೆ. ನನಗೆ ತಂದೆ ಇದ್ದಂತೆ. ಅವರ ಮುಂದೆ ನಾನು ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತವನೂ ಅಲ್ಲ.

ಡಲ್ಲಾಸ್‌ಗೆ ನೇರ ಹೋಗುವ ಬದಲು ಆಸ್ಟಿನ್ ಮೇಲೆ ಹೋಗುವುದೆಂದು ರಾಯರು ಹೇಳಿದರು. ಅಲ್ಲಿ ಓದುವ ನಮ್ಮ ಹುಡುಗ ಹುಡುಗಿಯರಿಗೆ ದರ್ಶನವಾಗಲಿ, ಅವರಿಗೆ ಅಕ್ಕಿ ಬೇಳೆಯೂ ಸಿಗಲಿ ಎಂದು. ಅದಕ್ಕಾಗಿ ಗಣಪತಿಯ ಪೆಟ್ಟಿಗೆಯನ್ನು ಟ್ರೈಲರಿನ ಹಿಂಬಾಗಿಲಿಗೇ ಒತ್ತಿ ಇಡಬೇಕು, ಮುಖ ಬಾಗಿಲ ಕಡೆಗೆ. ಬಾಗಿಲು ತೆಗೆದರೆ ಗರ್ಭಗುಡಿ ತೆಗೆದ ಹಾಗೆ ಕಾಣಬೇಕು, ಅಲ್ಲೇ ಮಂಗಳಾರತಿ ಎತ್ತಬೇಕು. ಇದು ರಾಯರ ಹೆಂಡತಿ ಇಂದಿರಾಬಾಯಿಯವರ ಆಸೆ. ಅಷ್ಟು ಭಾರ ಹಿಂದಾದರೆ ಮೂಕಿ ಮೇಲಕ್ಕೇಳುತ್ತದೆ. ಆದರೆ ಉಪಾಯ ಇತ್ತು. ಅಕ್ಕಿ ಮೂಟೆ, ಬೇಳೆ, ಪಾತ್ರೆ, ಮಡಚುವ ಕುರ್ಚಿ ಎಲ್ಲ ಸೇರಿ ಸಾವಿರದ ನಾನೂರು ಪೌಂಡಿನಷ್ಟನ್ನು ಟ್ರೈಲರಿನ ಮುಂಗೋಡೆಗೆ ಒಟ್ಟಿದೆ. ತೂಗಿದೆ. ಒಟ್ಟು ಐದು ಸಾವಿರದ ಇನ್ನೂರಕ್ಕೆ ಮೂಕಿಯ ಮೇಲೆ ಐನೂರ ಹತ್ತು. ನೂರಕ್ಕೆ ಹತ್ತರ ಹತ್ತಿರ, ಅಂಚಿನಲ್ಲೇ, ಆದರೂ ಸರಿ.

ಜಲಜ ಆಗ ಏಳು ತಿಂಗಳ ಬಸುರಿ. ರಾಯರ ಕಾರಿನಲ್ಲಿ ಕೂತರೆ ಅವಳಿಗೆ ವಾಂತಿ ಬರುತ್ತಿತ್ತು, ಟ್ರಕ್ಕಿನ ಎತ್ತರದ ಸೀಟೇ ಹಿತ. ಬೆಳಗಿನ ಜಾವ ನನ್ನ ಪಕ್ಕ ಹತ್ತಿ ಕೂತಳು. ‘ಗಟ್ಟಿಯಾಗಿದೆಯೇನ್ರೀ ಎಲ್ಲ?’ ಎಂದು ಕೇಳಿದಳು. ‘ನಾನೇ ತೂಗಿದ್ದೀನಿ’ ಅಂದೆ. ಮತ್ತೆ ಕೇಳಲಿಲ್ಲ, ನಿದ್ದೆ ಹೋದಳು. ಮದುವೆಯಾದಾಗಿನಿಂದ ನನ್ನ ಕೆಲಸದ ಬಗ್ಗೆ ಅವಳಿಗೆ ಅಷ್ಟು ಮಾತು ಸಾಕಾಗಿತ್ತು.

ಆಸ್ಟಿನ್‌ವರೆಗೆ ಟ್ರೈಲರು ನೀರಿನ ಮೇಲೆ ತೇಲಿದಂತೆ ಬಂತು. ವಿದ್ಯಾರ್ಥಿಗಳು ಇಪ್ಪತ್ತು ಮಂದಿ ಪಾರ್ಕಿಂಗ್ ಲಾಟಿನಲ್ಲಿ ಕಾದಿದ್ದರು. ಹಿಂಬಾಗಿಲು ತೆಗೆದು ಪೆಟ್ಟಿಗೆಯ ಮುಂದಿನ ಹಲಗೆ ಕಳಚಿದೆವು. ಹುಲ್ಲಿನ ನಡುವೆ ಕಪ್ಪು ಕಲ್ಲಿನ ಗಣಪ್ಪ, ಅವನ ಹೊಟ್ಟೆಯ ಮೇಲೆ ಟೆಕ್ಸಸ್ಸಿನ ಬಿಸಿಲು! ಒಬ್ಬ ಹುಡುಗಿ ಬಿಕ್ಕಿ ಬಿಕ್ಕಿ ಅತ್ತಳು. ನನ್ನ ಕಣ್ಣೂ ತುಂಬಿತು, ಸುಳ್ಳೇಕೆ ಹೇಳಲಿ. ಮಂಗಳಾರತಿ ಆಯಿತು. ವಿದ್ಯಾರ್ಥಿಗಳು ತಮ್ಮ ಪಾಲಿನ ಅಕ್ಕಿ ಬೇಳೆ ಇಳಿಸಿಕೊಂಡರು. ಮುಂಗೋಡೆಯ ರಾಶಿ ನನ್ನ ಕಣ್ಣೆದುರಿಗೇ ಅರ್ಧವಾಯಿತು.

ಲೆಕ್ಕ ನನ್ನ ತಲೆಯಲ್ಲಿ ತಾನಾಗಿ ನಡೆಯಿತು. ಮುಂದಿನಿಂದ ಏಳುನೂರು ಪೌಂಡ್ ಹೋಯಿತು, ಹಿಂದಿನ ಸಾವಿರದ ಎಂಟುನೂರು ಅಲ್ಲೇ ಇದೆ. ಮೂಕಿಯ ಮೇಲೆ ಉಳಿದದ್ದು ನೂರು ಪೌಂಡ್ ಇದ್ದೀತು. ಪೆಟ್ಟಿಗೆಯನ್ನು ಮುಂದಕ್ಕೆ ಸರಿಸಲೇಬೇಕು. ಬಾಯಿ ತೆರೆದೆ, ‘ರಾಯರೇ, ಒಂದು ಅರ್ಧ ಗಂಟೆ...’ ಅಂದೆ.

‘ಏನಪಾ ನಾಗರಾಜ, ಇನ್ನ ಏನ ಅರ್ಧ ತಾಸು? ಡಲ್ಲಾಸದಾಗ ಮಂದಿ ಕಾಯಲಿಕ್ಕತ್ಯಾರ. ಸಂಜೀ ಮುಹೂರ್ತ ತಪ್ಪಬಾರದು. ನಡಿ ನಡಿ, ಲಗೂ ಹೊಂಡೋಣು!’ ರಾಯರು ಬೆನ್ನು ತಟ್ಟಿದರು. ಇಂದಿರಾಬಾಯಿ, ‘ಅಲ್ಲೂ ಬಾಗಲಾ ತಗದ ಕೂಡಲೇ ಹಿಂಗ ಕಾಣಬೇಕ್ರೀ, ಅದನ್ನ ಅಳಗಾಡಸಬ್ಯಾಡ್ರಿ’ ಎಂದರು.

ಲೀರಾಯ್‌ಗೆ ಕೀಲಿ ಕೊಡದೆ ಎದೆ ಸೆಟೆಸಿ ನಿಂತವನು ನಾನು. ರಾಯರ ಮುಂದೆ ತಲೆ ಬಗ್ಗಿಸಿ ‘ಆಯ್ತು’ ಅಂದೆ. ನಿಧಾನವಾಗಿ ಹೋದರಾಯಿತು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಟ್ರಕ್ಕು ಹತ್ತಿದೆ. ಜಲಜ ಪ್ರಸಾದದ ಬಾಳೆಹಣ್ಣು ಸುಲಿದು ಕೈಗೆ ಕೊಟ್ಟಳು.

ಒಂದು ಗಂಟೆ ಏನೂ ಆಗಲಿಲ್ಲ. ಏನೂ ಆಗದಿರುವುದೇ ಈ ಕೆಲಸದ ದೊಡ್ಡ ಮೋಸ. ಮುಂದೆ ರಾಯರ ಕಾರು ಜೋರಾಗಿ ಹೋಗುತ್ತಿತ್ತು, ಅದನ್ನು ಕಳೆದುಕೊಳ್ಳಬಾರದೆಂದು ನಾನೂ ಗಂಟೆಗೆ ಐವತ್ತೈದು ಮೈಲಿಗೆ ಬಂದಿದ್ದೆ. ಒಂದು ಉದ್ದನೆಯ ಇಳಿಜಾರು ಬಂತು, ಮುಳ್ಳು ಅರವತ್ತು ದಾಟಿತು. ದೊಡ್ಡದೊಂದು ಬಸ್ಸು ನಮ್ಮನ್ನು ಹಿಂದೆ ಹಾಕಿ ಹೋಯಿತು, ಅದರ ಗಾಳಿ ಟ್ರೈಲರನ್ನು ಒಂದು ಸಲ ನೂಕಿತು. ಅಷ್ಟೇ ಸಾಕಾಯಿತು.

ಮೊದಲು ಸ್ಟಿಯರಿಂಗ್ ಕೈಯಲ್ಲಿ ಹಗುರಾಯಿತು. ಎಡಗನ್ನಡಿಯಲ್ಲಿ ಟ್ರೈಲರಿನ ಇಡೀ ಪಕ್ಕೆ ಕಂಡಿತು, ಕಾಣಬಾರದ್ದು. ಮರುಕ್ಷಣ ಅದು ಬಲಗನ್ನಡಿಯಲ್ಲಿತ್ತು. ಮತ್ತೆ ಎಡಕ್ಕೆ, ಇನ್ನೂ ಅಗಲವಾಗಿ. ಟ್ರಕ್ಕಿನ ಹಿಂಭಾಗವನ್ನು ಯಾರೋ ಬಾಲ ಹಿಡಿದು ಜಗ್ಗಿದಂತೆ ಎರಡೂ ಕಡೆಗೆ ಎಳೆದಾಡುತ್ತಿತ್ತು. ಜಲಜ ‘ರೀ!’ ಎಂದು ಕಿರುಚಿ ಒಂದು ಕೈ ಡ್ಯಾಶ್‌ಬೋರ್ಡಿಗೆ, ಒಂದು ಕೈ ಹೊಟ್ಟೆಗೆ ಕೊಟ್ಟಳು. ನನ್ನ ಬಲಗಾಲು ಬ್ರೇಕಿನ ಮೇಲೆ ಹೋಗಿ ಕೂತಿತ್ತು. ಅಲ್ಲಿ ಒತ್ತಿದ್ದರೆ ಇದನ್ನು ಬರೆಯಲು ನಾನು ಇರುತ್ತಿರಲಿಲ್ಲ. ಟ್ರಕ್ಕು ನಿಲ್ಲುತ್ತದೆ, ಟ್ರೈಲರು ನಿಲ್ಲುವುದಿಲ್ಲ, ಪಕ್ಕದಿಂದ ಬಂದು ಚಾಕುವಿನಂತೆ ಟ್ರಕ್ಕಿಗೆ ಮಡಚಿಕೊಳ್ಳುತ್ತದೆ. ಕಾಲನ್ನು ಅಲ್ಲಿಂದ ಎತ್ತಿದ್ದು ನನ್ನ ಇಡೀ ವೃತ್ತಿಜೀವನದಲ್ಲಿ ನಾನು ಎತ್ತಿದ ಅತಿ ದೊಡ್ಡ ಭಾರ. ಸ್ಟಿಯರಿಂಗನ್ನು ನೇರ ಹಿಡಿದೆ. ಟ್ರೈಲರಿಗೆ ಮಾತ್ರ ಬ್ರೇಕು ಹಾಕುವ ಸಣ್ಣ ಹಿಡಿ ಸ್ಟಿಯರಿಂಗಿನ ಕೆಳಗಿರುತ್ತದೆ, ಅದನ್ನು ಮೆಲ್ಲಗೆ ಎಳೆದೆ. ಮೂರು ಸಲ ಇನ್ನೂ ಆಡಿತು. ನಾಲ್ಕನೆಯದು ಚಿಕ್ಕದಾಯಿತು. ಆಮೇಲೆ ಎಲ್ಲ ಒಂದೇ ಗೆರೆಗೆ ಬಂದು, ರಸ್ತೆ ಬದಿಯ ಹುಲ್ಲಿನಲ್ಲಿ ನಿಂತೆವು.

ಎಂಜಿನ್ ಆರಿಸಿದಾಗ ಮಿಡತೆಗಳ ಸದ್ದು ಕೇಳಿಸಿತು. ‘ಹೊಟ್ಟೆ ಏನಾದ್ರೂ ನೋಯ್ತಿದೆಯಾ?’ ಅಂದೆ.

‘ಇಲ್ಲ. ಒದೀತಿದೆ’ ಅಂದಳು. ಹೊಟ್ಟೆಯ ಮೇಲಿನ ಕೈ ತೆಗೆಯದೆ, ‘ಏನಾಯ್ತು?’ ಅಂದಳು.

‘ಹಿಂದೆ ಭಾರ ಜಾಸ್ತಿ, ಮುಂದೆ ಕಡಿಮೆ. ಆಸ್ಟಿನ್‌ನಲ್ಲಿ ಮೂಟೆ ಇಳಿಸಿದ್ರಲ್ಲ.’

‘ಹಾಗಾಗತ್ತೆ ಅಂತ ನಿಮಗೆ ಗೊತ್ತಿರ್ಲಿಲ್ವಾ?’

ಸುಳ್ಳು ಹೇಳಬಹುದಿತ್ತು. ಅವಳು ನಂಬುತ್ತಿದ್ದಳು. ‘ಗೊತ್ತಿತ್ತು’ ಅಂದೆ.

ಜಲಜ ನನ್ನ ಮುಖವನ್ನೇ ನೋಡಿದಳು. ಬಾಗಿಲು ತೆಗೆದು, ಹುಷಾರಾಗಿ ಒಂದೊಂದೇ ಕಾಲು ಇಳಿಸಿ, ಹೋಗಿ ಒಂದು ಜಾಲಿಯಂಥ ಮರದ ನೆರಳಲ್ಲಿ ನಿಂತಳು.

ರಾಯರು ಕಾರು ತಿರುಗಿಸಿಕೊಂಡು ಬಂದರು. ಆಸ್ಟಿನ್‌ನಿಂದ ಇನ್ನೊಂದು ಕಾರಿನಲ್ಲಿ ನಮ್ಮ ಹಿಂದೆ ಹೊರಟಿದ್ದ ನಾಲ್ವರು ವಿದ್ಯಾರ್ಥಿಗಳೂ ಬಂದರು. ಅವರು ಎಲ್ಲವನ್ನೂ ಕಣ್ಣಾರೆ ಕಂಡಿದ್ದರು. ಮೊದಲು ಪೆಟ್ಟಿಗೆ ತೆರೆದೆವು. ಬಿರುಕು ಬಿಟ್ಟ ವಿಗ್ರಹಕ್ಕೆ ಪೂಜೆಯಿಲ್ಲ. ರಾಯರು ಒಳಗೆ ಹತ್ತಿ ಗಣಪತಿಯ ಸೊಂಡಿಲು, ಕೈ, ಕಿವಿ ಎಲ್ಲವನ್ನೂ ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದರು, ಬಿದ್ದ ಮಗುವಿನ ಮೂಳೆ ನೋಡುವ ಹಾಗೆ. ಏನೂ ಆಗಿರಲಿಲ್ಲ. ಆಮೇಲೆ ನಾನು ಆದದ್ದೇನೆಂದು ಹೇಳಿದೆ. ಆಸ್ಟಿನ್‌ನಲ್ಲೇ ಗೊತ್ತಿತ್ತು ಎನ್ನುವುದನ್ನೂ ಹೇಳಿದೆ.

ರಾಯರು ಟ್ರೈಲರಿನ ಅಂಚಿನಲ್ಲಿ ಕುಸಿದು ಕೂತರು. ರೇಷ್ಮೆ ಪಂಚೆಗೆ ಗ್ರೀಸು ಮೆತ್ತಿತು.

‘ಹೇಳಬಾರದಿತ್ತೇನೋ?’ ಎಂದರು.

‘ನೀವು ಹಿರಿಯರು. ಹೇಗೆ ಬೇಡ ಅನ್ನಲಿ?’

‘ಹುಚ್ಚಪ್ಪಾ, ನಾ ದಿನಾ ಮಂದಿಗೆ ಬ್ಯಾಡ ಅಂತ ಹೇಳೇ ಹೊಟ್ಟೀ ತುಂಬಸ್ಕೋತೀನಿ. ಮುರದ ಕಾಲಿನ ಮ್ಯಾಲ ನಿಂದರಬ್ಯಾಡ ಅಂತ ನನ್ನ ಅಪ್ಪನ ವಯಸ್ಸಿನಾಂವಗ ಹೇಳತೀನಿ. ನೀ ಹೇಳಿದ್ದರ ನಾ ಕೇಳತಿದ್ದೆನಲ್ಲೋ!’ ಜಲಜ ನಿಂತಿದ್ದ ಮರದ ಕಡೆ ತಿರುಗಿ ನೋಡಿದರು. ‘ಆ ಹುಡುಗಿ ಬಸುರಿ ಇದ್ದಾಳ. ನೀ ಒಂದು ಮಾತ ಹೇಳಿದ್ದರ ಕೇಳತಿದ್ದೆ.’

ನನಗೆ ಚಪ್ಪಲಿಯಲ್ಲಿ ಹೊಡೆದಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಅವರು ಕೇಳುತ್ತಿದ್ದರು. ನಿಜವಾಗಿಯೂ ಕೇಳುತ್ತಿದ್ದರು. ನಾನೇ ಗೌರವ ಎಂದುಕೊಂಡು ಅವರಿಗೆ ಕೇಳುವ ಅವಕಾಶವನ್ನೇ ಕೊಡಲಿಲ್ಲ.

ಕೊಳವೆಯ ತುಂಡುಗಳು ಟ್ರಕ್ಕಿನಲ್ಲಿದ್ದವು. ಹಾರೆಯಿಂದ ಪೆಟ್ಟಿಗೆ ಎತ್ತಿ, ಕೆಳಗೆ ಕೊಳವೆ ತೂರಿಸಿ, ಆರು ಮಂದಿ ಅಂಗುಲ ಅಂಗುಲವಾಗಿ ಅಚ್ಚುಗಳ ಮೇಲಕ್ಕೆ ತಳ್ಳಿದೆವು. ರಾಯರೂ ಹೆಗಲು ಕೊಟ್ಟರು. ಚೈನು ಬಿಗಿದೆ. ಮುಗಿಯುವ ಹೊತ್ತಿಗೆ ಮಧ್ಯಾಹ್ನ ಮೂರು ಗಂಟೆ ದಾಟಿತ್ತು. ‘ಬಾ ಜಲಜ, ಹತ್ತು. ಈಗ ಸರಿಯಾಗಿದೆ’ ಅಂದೆ.

‘ಎಷ್ಟಿದೆ?’ ಅಂದಳು.

‘ಸುಮಾರು...’

‘ಸುಮಾರು ಬೇಡ.’

ಇಂದಿರಾಬಾಯಿ ತಮ್ಮ ಕಾರಿಗೆ ಕರೆದರು. ‘ಮುಂದಿನ ಊರಿನ ತನಕ ಬರ್ತೀನಿ. ಅಲ್ಲಿ ತೂಗಲಿ, ಆಮೇಲೆ ನೋಡ್ತೀನಿ’ ಎಂದು ಹೇಳಿ ಜಲಜ, ವಾಂತಿಗೆಂದು ಒಂದು ಚೀಲ ಹಿಡಿದುಕೊಂಡು ಹತ್ತಿದಳು. ನಾನು ಖಾಲಿ ಸೀಟಿನ ಪಕ್ಕ ಕೂತು ಮೂವತ್ತರ ವೇಗದಲ್ಲಿ ಅವರ ಹಿಂದೆ ಹೋದೆ.

ಎರಡು ಮೈಲಿ ಆಚೆ ಹತ್ತಿ ಹಿಂಜುವ ಜಿನ್ನು ಸಿಕ್ಕಿತು. ಹತ್ತಿ ಸುಗ್ಗಿಯ ಕಾಲ, ತೂಕದ ಕಟ್ಟೆ ತೆರೆದಿತ್ತು. ಅಲ್ಲಿನ ಮುದುಕ ಪಂಚೆ, ಸೀರೆ, ಗಣಪತಿಯನ್ನು ನೋಡಿ ಏನನ್ನೂ ಕೇಳದೆ ಕಿಟಕಿ ತೆರೆದ. ಜಲಜ ಹಾಸನದ ಮಿಡ್ಲ್ ಸ್ಕೂಲಿನಲ್ಲಿ ಮೂರು ವರ್ಷ ಲೆಕ್ಕ ಹೇಳಿಕೊಟ್ಟವಳು. ಕಿಟಕಿಯ ಪಕ್ಕ ನಿಂತು, ಒಂದು ಲಕೋಟೆಯ ಹಿಂದೆ ಬರೆದುಕೊಳ್ಳತೊಡಗಿದಳು. ನಾನು ಟ್ರೈಲರು ಸಿಕ್ಕಿಸಿಕೊಂಡೇ ಟ್ರಕ್ಕಿನ ಚಕ್ರಗಳನ್ನಷ್ಟೇ ಕಟ್ಟೆಗೆ ಹತ್ತಿಸಿದೆ: ಆರು ಸಾವಿರದ ನೂರ ಎಂಬತ್ತು. ಮುಂದಕ್ಕೆ ಹೋಗಿ ಟ್ರೈಲರಿನ ಚಕ್ರಗಳನ್ನು ಮಾತ್ರ ನಿಲ್ಲಿಸಿದೆ: ಮೂರು ಸಾವಿರದ ಒಂಬೈನೂರ ಅರವತ್ತು. ಟ್ರೈಲರು ಬಿಚ್ಚಿಟ್ಟು ಬರೀ ಟ್ರಕ್ಕು ತಂದೆ: ಐದು ಸಾವಿರದ ಆರುನೂರ ನಲವತ್ತು. ಪ್ರತಿ ಸಲವೂ ಅವಳು ಮುದುಕನ ಹೆಗಲ ಮೇಲಿಂದ ಇಣುಕಿ ತಾನೇ ಓದಿದಳು.

‘ಆರು ಸಾವಿರದ ನೂರ ಎಂಬತ್ತರಲ್ಲಿ ಐದು ಸಾವಿರದ ಆರುನೂರ ನಲವತ್ತು ಕಳೆದ್ರೆ ಐನೂರ ನಲವತ್ತು. ಇದೇ ತಾನೆ ಮೂಕಿ ಮೇಲೆ ಬಿದ್ದಿರೋದು?’ ಅಂದಳು. ನಾನು ತಲೆಯಾಡಿಸಿದೆ. ‘ಅದನ್ನ ಮೂರು ಸಾವಿರದ ಒಂಬೈನೂರ ಅರವತ್ತಕ್ಕೆ ಕೂಡಿದ್ರೆ ಟ್ರೈಲರು ಒಟ್ಟು ನಾಲ್ಕೂವರೆ ಸಾವಿರ. ನೂರಕ್ಕೆ ಹನ್ನೆರಡು.’ ಪೆನ್ಸಿಲ್ ತುದಿಯಿಂದ ಇನ್ನೊಂದು ಸಲ ಪರೀಕ್ಷಿಸಿದಳು. ‘ಎಷ್ಟಿರ್ಬೇಕು?’

‘ಹತ್ತರಿಂದ ಹದಿನೈದು.’

ಎಂಟು ವರ್ಷ ನಾನು ಮಾಡಿದ ಕೆಲಸವನ್ನು ಅವಳು ಹತ್ತು ನಿಮಿಷದಲ್ಲಿ, ಉಬ್ಬಿದ ಹೊಟ್ಟೆಯ ಮೇಲೆ ಲಕೋಟೆ ಇಟ್ಟುಕೊಂಡು ಮುಗಿಸಿದ್ದಳು. ಟಾಲಿಯ ಮುಂದೆ ನಿಂತಂತೆಯೇ ಅವಳ ಮುಂದೆ ನಿಂತಿದ್ದೆ. ಆದರೂ ಅವಳು ಟ್ರಕ್ಕಿನ ಕಡೆ ಹೆಜ್ಜೆ ಇಡಲಿಲ್ಲ.

ರಾಯರು ಕಾರಿನಿಂದ ಇಳಿದು ಬಂದರು. ‘ಎಲ್ಲಾ ಬರೋಬ್ಬರಿ ಆತಲ್ಲ? ಗಡಿಯಾರ ನೋಡಪಾ, ಅರವತ್ತರಾಗ ಹೊಡದರ ಮುಹೂರ್ತ ಇನ್ನೂ ಸಿಕ್ಕೀತು.’

ಜಲಜ ನನ್ನನ್ನೇ ನೋಡುತ್ತಿದ್ದಳು.

‘ಇಲ್ಲ ರಾಯರೇ’ ಅಂದೆ. ‘ನಾನು ಐವತ್ತು ದಾಟೋದಿಲ್ಲ. ಮುಹೂರ್ತ ತಪ್ಪುತ್ತೆ. ತಪ್ಪಲಿ.’

ರಾಯರು ಕೈಗಡಿಯಾರ ಬಿಚ್ಚಿ ಜೇಬಿಗೆ ಹಾಕಿಕೊಂಡರು. ‘ಹೂಂ’ ಎಂದರು. ‘ಹಂಗಂದ್ರ ಹಂಗ. ನೀ ಮುಂದ ನಡಿ, ನಾ ಹಿಂದ ಬರತೀನಿ.’

ಜಲಜ ಲಕೋಟೆಯನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಟ್ರಕ್ಕಿನ ಬಾಗಿಲು ತಾನೇ ತೆಗೆದು, ಹತ್ತಿ ಕೂತಳು.